ನಿಲ್ಲಿಸುವ ವಿಜ್ಞಾನ: ಬ್ರೇಕಿನ ಡಿಸ್ಕ್ ಮತ್ತು ಪ್ಯಾಡ್

ಮಕ್ಕಳೇ, ಕುಷ್ಟಗಿಯ ಪಕ್ಕ ಹಾಯುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ, ಕೊಪ್ಪಳದ ಮೂಲಕ ಹೋಗುವ ಹೆದ್ದಾರಿ 67ರಲ್ಲಿ ಓಡುವ ಕಾರುಗಳನ್ನು ನೀವು ನೋಡಿದ್ದೀರಿ. ನಿಂತಿರುವ ಕಾರಿನ ಚಕ್ರದ ಸಂದಿಯಲ್ಲಿ ಇಣುಕಿದರೆ ಹೊಳೆಯುವ ಒಂದು ಲೋಹದ ತಟ್ಟೆ ಕಾಣುತ್ತದೆ. ಅನೇಕ ಮೋಟರ್ ಸೈಕಲ್‌ಗಳ ಮುಂದಿನ ಚಕ್ರದಲ್ಲೂ ತೂತು ತೂತಾದ ಇಂಥದೇ ತಟ್ಟೆ ಇರುತ್ತದೆ. ಅದೇ ಬ್ರೇಕ್ ಡಿಸ್ಕ್.

ವೇಗದ ಕಾರುಗಳನ್ನು ಇಟ್ಟುಕೊಂಡವರಲ್ಲಿ ಕೆಲವರು ಕಂಪನಿ ಕೊಟ್ಟ ಡಿಸ್ಕನ್ನು ತೆಗೆಸಿ, ಅದಕ್ಕಿಂತ ದೊಡ್ಡದನ್ನು ಹಾಕಿಸುತ್ತಾರೆ. ಪ್ಯಾಡುಗಳನ್ನೂ ಬದಲಿಸುತ್ತಾರೆ. ಹೀಗೆ ಮಾಡಿದರೆ ಕಾರು ಮೊದಲಿಗಿಂತ ಬೇಗ ನಿಲ್ಲುತ್ತದೆಯೇ? "ಹೌದು, ನಿಲ್ಲಲೇಬೇಕು" ಎಂದು ನಿಮಗೆ ತೋರಬಹುದು. ನಿಜವಾದ ಉತ್ತರ ಬೇರೆಯೇ ಇದೆ. ರಸ್ತೆ ದಾಟುವ, ಸೈಕಲ್ ತುಳಿಯುವ ನಿಮಗೂ ಆ ಉತ್ತರ ಗೊತ್ತಿರಬೇಕು. ಬನ್ನಿ, ಹಂತ ಹಂತವಾಗಿ ತಿಳಿಯೋಣ.

ವೇಗ ಎಲ್ಲಿಗೆ ಹೋಗುತ್ತದೆ?

ನಿಮ್ಮ ಎರಡೂ ಅಂಗೈಗಳನ್ನು ಒತ್ತಿ ಹಿಡಿದು ಹತ್ತು ಸಲ ಜೋರಾಗಿ ಉಜ್ಜಿರಿ. ಕೈ ಬಿಸಿಯಾಯಿತಲ್ಲವೇ? ಉಜ್ಜುವಾಗ ಉಂಟಾಗುವ ತಡೆಯನ್ನು ಘರ್ಷಣೆ ಎನ್ನುತ್ತೇವೆ. ಘರ್ಷಣೆಯಿಂದ ಚಲನೆಯ ಶಕ್ತಿ ಉಷ್ಣವಾಗಿ ಬದಲಾಯಿತು.

ಓಡುವ ಪ್ರತಿಯೊಂದು ವಸ್ತುವಿನಲ್ಲಿ ಚಲನ ಶಕ್ತಿ ಇರುತ್ತದೆ. ಶಕ್ತಿಯನ್ನು ನಾಶಮಾಡಲು ಯಾರಿಂದಲೂ ಆಗದು. ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಬದಲಿಸಬಹುದು, ಅಷ್ಟೆ. ಆದ್ದರಿಂದ ಬ್ರೇಕ್ ಎಂಬುದು ವೇಗವನ್ನು 'ತಿಂದು ಹಾಕುವ' ಯಂತ್ರವಲ್ಲ, ಚಲನ ಶಕ್ತಿಯನ್ನು ಉಷ್ಣವಾಗಿ ಬದಲಿಸುವ ಯಂತ್ರ.

ಎಷ್ಟು ಉಷ್ಣ? 1,000 ಕಿಲೋಗ್ರಾಂ ರಾಶಿಯ ಒಂದು ಕಾರನ್ನು ತೆಗೆದುಕೊಳ್ಳೋಣ. ಅದನ್ನು ಪೂರ್ತಿ ನಿಲ್ಲಿಸಿದಾಗ ಹೊರಬರುವ ಉಷ್ಣದಿಂದ 30 ಡಿಗ್ರಿ ಸೆಲ್ಸಿಯಸ್‌ನ ಎಷ್ಟು ನೀರನ್ನು 100 ಡಿಗ್ರಿಗೆ ಕಾಯಿಸಬಹುದು ಎಂದು ಲೆಕ್ಕ ಹಾಕಿದೆ. ನೋಡಿ:

ಗಂಟೆಗೆ 36 ಕಿ.ಮೀ. (ಸೆಕೆಂಡಿಗೆ 10 ಮೀಟರ್) – 50,000 ಜೌಲ್ – ಸುಮಾರು 170 ಮಿಲಿಲೀಟರ್ ನೀರು
ಗಂಟೆಗೆ 72 ಕಿ.ಮೀ. (ಸೆಕೆಂಡಿಗೆ 20 ಮೀಟರ್) – 2,00,000 ಜೌಲ್ – ಸುಮಾರು 680 ಮಿಲಿಲೀಟರ್ ನೀರು
ಗಂಟೆಗೆ 108 ಕಿ.ಮೀ. (ಸೆಕೆಂಡಿಗೆ 30 ಮೀಟರ್) – 4,50,000 ಜೌಲ್ – ಸುಮಾರು ಒಂದೂವರೆ ಲೀಟರ್ ನೀರು

ಪಟ್ಟಿಯನ್ನು ಇನ್ನೊಮ್ಮೆ ಗಮನಿಸಿ. ವೇಗ ಎರಡು ಪಟ್ಟಾದಾಗ ಶಕ್ತಿ ನಾಲ್ಕು ಪಟ್ಟಾಗಿದೆ. ವೇಗ ಮೂರು ಪಟ್ಟಾದಾಗ ಶಕ್ತಿ ಒಂಬತ್ತು ಪಟ್ಟಾಗಿದೆ. ಚಲನ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ ಎಂಬುದೇ ಈ ಪಾಠದ ಮುಖ್ಯ ಸೂತ್ರ. ಒಲೆಯ ಮೇಲೆ ಒಂದೂವರೆ ಲೀಟರ್ ನೀರು ಕಾಯಲು ಹಲವು ನಿಮಿಷ ಬೇಕು. ಅಷ್ಟೇ ಉಷ್ಣವನ್ನು ಬ್ರೇಕು ಕೆಲವೇ ಸೆಕೆಂಡುಗಳಲ್ಲಿ ಹೊರಹಾಕುತ್ತದೆ!

ಮಾಡಿ ನೋಡಿ – 1: ಗೋಲಿ ಮತ್ತು ಕಾಗದದ ಲೋಟ

ಒಂದು ಮೀಟರ್ ಉದ್ದದ ಹಲಗೆಯ ಒಂದು ತುದಿಯನ್ನು ಎರಡು ಪುಸ್ತಕಗಳ ಮೇಲೆ ಇಟ್ಟು ಇಳಿಜಾರು ಮಾಡಿ. ಗೋಲಿ ಅತ್ತಿತ್ತ ಸರಿಯದಂತೆ ಎರಡು ಸ್ಕೇಲುಗಳನ್ನು ಜೋಡಿಸಿ ದಾರಿ ಮಾಡಿ. ಇಳಿಜಾರಿನ ಬುಡದಲ್ಲಿ ಕಾಗದದ ಲೋಟವನ್ನು ಅಡ್ಡ ಮಲಗಿಸಿ, ಅದರ ಬಾಯಿ ಗೋಲಿಯ ಕಡೆಗಿರಲಿ. ಮೊದಲು 20 ಸೆಂ.ಮೀ. ದೂರದಿಂದ ಗೋಲಿಯನ್ನು ಬಿಡಿ. ಗೋಲಿ ಲೋಟದೊಳಗೆ ನುಗ್ಗಿ ಅದನ್ನು ತಳ್ಳುತ್ತದೆ. ಲೋಟ ಎಷ್ಟು ದೂರ ಸರಿಯಿತು ಅಳೆಯಿರಿ. ಆಮೇಲೆ 80 ಸೆಂ.ಮೀ. ದೂರದಿಂದ ಬಿಡಿ. ಎರಡನೆಯ ಸಲ ಗೋಲಿಯ ವೇಗ ಸುಮಾರು ಎರಡು ಪಟ್ಟು. ಲೋಟ ಸರಿದ ದೂರ ಎಷ್ಟು ಪಟ್ಟು? ಮೂರು ಸಲ ಮಾಡಿ ಸರಾಸರಿ ತೆಗೆಯಿರಿ.

ಡಿಸ್ಕ್ ಬ್ರೇಕ್ ಹೇಗೆ ಕೆಲಸ ಮಾಡುತ್ತದೆ?

ಡಿಸ್ಕು ಚಕ್ರದ ಜೊತೆಗೇ ತಿರುಗುತ್ತದೆ. ಅದರ ಎರಡೂ ಬದಿಗೆ ಪ್ಯಾಡುಗಳಿರುತ್ತವೆ. ಪ್ಯಾಡುಗಳನ್ನು ಹಿಡಿದುಕೊಂಡಿರುವ ಭಾಗವೇ ಕ್ಯಾಲಿಪರ್. ಇದು ತಿರುಗುವುದಿಲ್ಲ. ಚಾಲಕ ಪೆಡಲ್ ತುಳಿದಾಗ ಸಣ್ಣ ಕೊಳವೆಯಲ್ಲಿರುವ ದ್ರವದ ಮೇಲೆ ಒತ್ತಡ ಬೀಳುತ್ತದೆ. ಗ್ಯಾರೇಜಿನವರು ಇದನ್ನು ಬ್ರೇಕ್ ಆಯಿಲ್ ಎನ್ನುತ್ತಾರೆ. ಮುಚ್ಚಿದ ಕೊಳವೆಯಲ್ಲಿರುವ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಇದು ಪ್ಯಾಸ್ಕಲ್ಲನ ನಿಯಮ. ಒತ್ತಡವು ಕ್ಯಾಲಿಪರಿನ ಪಿಸ್ಟನ್ನುಗಳನ್ನು ತಳ್ಳುತ್ತದೆ, ಪಿಸ್ಟನ್ನುಗಳು ಪ್ಯಾಡುಗಳನ್ನು ಡಿಸ್ಕಿಗೆ ಒತ್ತುತ್ತವೆ. ರೊಟ್ಟಿಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿಯುವಂತೆ ಪ್ಯಾಡುಗಳು ಡಿಸ್ಕನ್ನು ಹಿಡಿಯುತ್ತವೆ. ನಿಮ್ಮ ಸೈಕಲ್ಲಿನಲ್ಲಿ ಬ್ರೇಕ್ ರಬ್ಬರು ರಿಮ್ಮನ್ನು ಹಿಡಿಯುವುದೂ ಹೀಗೆಯೇ.

ನಮ್ಮ ಜಿಲ್ಲೆಗೆ ಪರಿಚಿತವಾದ ಲೋಹ

ಸಾಮಾನ್ಯ ಕಾರುಗಳ ಡಿಸ್ಕು ಬೂದು ಎರಕದ ಕಬ್ಬಿಣದ್ದು. ಈ ಲೋಹ ನಮಗೆ ದೂರದ್ದಲ್ಲ. ಕೊಪ್ಪಳ ತಾಲ್ಲೂಕಿನ ಬೇವಿನಹಳ್ಳಿಯಲ್ಲಿರುವ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಲ್ಲಿ ಕಬ್ಬಿಣದ ಅದಿರಿನಿಂದ ಬೀಡು ಕಬ್ಬಿಣ ತಯಾರಾಗುತ್ತದೆ. ಅಲ್ಲಿಯೇ ಬೂದು ಎರಕದ ಕಬ್ಬಿಣದಿಂದ ಟ್ರ್ಯಾಕ್ಟರ್ ಮತ್ತು ಇತರ ವಾಹನಗಳ ಎಂಜಿನ್ ಬ್ಲಾಕುಗಳನ್ನು ಎರಕ ಹೊಯ್ಯುತ್ತಾರೆ. ಬ್ರೇಕ್ ಡಿಸ್ಕಿನ ಲೋಹವೂ ಇದೇ ಕುಟುಂಬಕ್ಕೆ ಸೇರಿದ್ದು.

ಡಿಸ್ಕಿಗೆ ಈ ಕಬ್ಬಿಣವೇ ಏಕೆ? ಇದರಲ್ಲಿ ಶೇಕಡ 3ಕ್ಕಿಂತ ಹೆಚ್ಚು ಇಂಗಾಲ ಇರುತ್ತದೆ. ಅದರ ಬಹುಭಾಗ ಗ್ರಾಫೈಟಿನ ಸಣ್ಣ ಸಣ್ಣ ಪದರಗಳಾಗಿ ಲೋಹದ ತುಂಬ ಹರಡಿರುತ್ತದೆ. ನಿಮ್ಮ ಪೆನ್ಸಿಲಿನ ಕಡ್ಡಿಯಲ್ಲಿರುವುದೂ ಗ್ರಾಫೈಟೇ. ಈ ಪದರಗಳು ಉಷ್ಣವನ್ನು ಬೇಗ ಸಾಗಿಸುತ್ತವೆ. ಕಂಪನವನ್ನು ಹೀರಿ 'ಕಿರ್ರ್' ಸದ್ದನ್ನು ತಗ್ಗಿಸುತ್ತವೆ. ಬೆಲೆಯೂ ಕಡಿಮೆ, ಎರಕ ಹೊಯ್ಯುವುದೂ ಸುಲಭ.

ದೊಡ್ಡ ಡಿಸ್ಕಿನಿಂದ ಏನು ಲಾಭ?

ಮೊದಲನೆಯ ಲಾಭ ಸನ್ನೆಯದು. ಬಾಗಿಲನ್ನು ತಿರುಗಣಿಯ ಹತ್ತಿರ ತಳ್ಳಿ ನೋಡಿ, ಆಮೇಲೆ ಅಂಚಿನಲ್ಲಿ ತಳ್ಳಿ ನೋಡಿ. ಅಂಚಿನಲ್ಲಿ ಸುಲಭ. ಹಾಗೆಯೇ ಡಿಸ್ಕು ದೊಡ್ಡದಾದಷ್ಟೂ ಪ್ಯಾಡು ಅಚ್ಚಿನಿಂದ ದೂರ ಹಿಡಿಯುತ್ತದೆ. ಅದೇ ಒತ್ತಡಕ್ಕೆ ಹೆಚ್ಚು ತಡೆ ಸಿಗುತ್ತದೆ.

ಎರಡನೆಯ ಲಾಭ ಉಷ್ಣದ್ದು. ಡಿಸ್ಕು ಒಂದು ರೀತಿಯಲ್ಲಿ ಉಷ್ಣವನ್ನು ತುಂಬುವ ಪಾತ್ರೆ. ನಮ್ಮ ಕಾರು ಗಂಟೆಗೆ 108 ಕಿ.ಮೀ. ವೇಗದಿಂದ ನಿಂತಾಗ 4,50,000 ಜೌಲ್ ಉಷ್ಣ ಬಂತಲ್ಲವೇ? ಬ್ರೇಕ್ ಹಾಕಿದಾಗ ಬಸ್ಸಿನಲ್ಲಿ ನೀವು ಮುಂದಕ್ಕೆ ವಾಲುವಂತೆ ಕಾರಿನ ಭಾರವೂ ಮುಂದಕ್ಕೆ ವಾಲುತ್ತದೆ. ಹಾಗಾಗಿ ಮುಂದಿನ ಬ್ರೇಕುಗಳಿಗೆ ಹೆಚ್ಚು ಕೆಲಸ. ಶೇಕಡ 70 ಭಾಗ ಮುಂದಿನ ಎರಡು ಡಿಸ್ಕುಗಳಿಗೆ ಹೋಯಿತು ಎಂದುಕೊಳ್ಳೋಣ. ಒಂದೊಂದಕ್ಕೆ 1,57,500 ಜೌಲ್ ಬಂತು. ಒಂದು ಕಿಲೋಗ್ರಾಂ ಕಬ್ಬಿಣವನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು 450 ಜೌಲ್ ಬೇಕು. ಈಗ ಲೆಕ್ಕ ನೋಡಿ:

5 ಕಿಲೋಗ್ರಾಂ ಡಿಸ್ಕು: 1,57,500 ÷ (5 × 450) = 70 ಡಿಗ್ರಿ ಏರುತ್ತದೆ.
7 ಕಿಲೋಗ್ರಾಂ ಡಿಸ್ಕು: 1,57,500 ÷ (7 × 450) = 50 ಡಿಗ್ರಿ ಏರುತ್ತದೆ.

ಒಂದೇ ಸಲ ನಿಲ್ಲಿಸಿದರೆ 20 ಡಿಗ್ರಿ ವ್ಯತ್ಯಾಸ ದೊಡ್ಡದಲ್ಲ. ರೇಸಿನ ಕಾರು ಪ್ರತಿ ತಿರುವಿನಲ್ಲೂ ಬ್ರೇಕ್ ಹಾಕಬೇಕು. ತಣಿಯಲು ಸಮಯವೇ ಸಿಗದೆ ಹತ್ತು ಸಲ ಹೀಗಾದರೆ ಒಂದು ಡಿಸ್ಕು 700 ಡಿಗ್ರಿ ಏರುತ್ತದೆ, ಇನ್ನೊಂದು 500 ಡಿಗ್ರಿ. ವೇಗದ ಕಾರಿನವರು ದೊಡ್ಡ ಡಿಸ್ಕು ಹಾಕಿಸುವುದಕ್ಕೆ ಇದೇ ಮುಖ್ಯ ಕಾರಣ.

ದೊಡ್ಡ ಡಿಸ್ಕುಗಳನ್ನು ಅಂಚಿನಿಂದ ನೋಡಿದರೆ ಎರಡು ತಟ್ಟೆಗಳ ನಡುವೆ ಸಂದು ಕಾಣುತ್ತದೆ. ಸಂದಿನಲ್ಲಿ ಫ್ಯಾನಿನ ರೆಕ್ಕೆಗಳಂತೆ ಗೋಡೆಗಳಿರುತ್ತವೆ. ಡಿಸ್ಕು ತಿರುಗುವಾಗ ನಡುವಿನಿಂದ ಗಾಳಿಯನ್ನು ಎಳೆದು ಅಂಚಿನಿಂದ ಹೊರಗೆ ಎಸೆಯುತ್ತದೆ. ಹೀಗೆ ತನ್ನನ್ನು ತಾನೇ ತಣಿಸಿಕೊಳ್ಳುತ್ತದೆ. ಕೆಲವು ಡಿಸ್ಕುಗಳಲ್ಲಿರುವ ತೂತು, ಗೀರುಗಳು ನೀರು, ದೂಳು ಮತ್ತು ಬಿಸಿಯಾದ ಪ್ಯಾಡಿನಿಂದ ಬರುವ ಅನಿಲ ಹೊರಹೋಗಲು ದಾರಿ ಮಾಡುತ್ತವೆ. ಆದರೆ ತೀರ ಬಿಸಿಯಾದಾಗ ತೂತುಗಳ ಅಂಚಿನಿಂದಲೇ ಬಿರುಕು ಶುರುವಾಗುವ ಅಪಾಯವೂ ಇದೆ.

ಮಾಡಿ ನೋಡಿ – 2: ಯಾವುದು ಹೆಚ್ಚು ಬಿಸಿ?

ಒಂದು ಪಾತ್ರೆಯಲ್ಲಿ ಒಂದು ಲೋಟ, ಇನ್ನೊಂದರಲ್ಲಿ ನಾಲ್ಕು ಲೋಟ ತಣ್ಣೀರು ಹಾಕಿ. ಎರಡಕ್ಕೂ ಅರ್ಧರ್ಧ ಲೋಟ ಬಿಸಿನೀರನ್ನು ನಿಮ್ಮ ಗುರುಗಳು ಹಾಕಲಿ. ಉಷ್ಣಮಾಪಕದಿಂದ ಉಷ್ಣತೆ ಅಳೆಯಿರಿ. ದೊಡ್ಡ ಡಿಸ್ಕು ಯಾವ ಪಾತ್ರೆಯನ್ನು ಹೋಲುತ್ತದೆ?

ಬ್ರೇಕ್ ಸೋಲುವುದು ಯಾವಾಗ?

ಶಾಲಾ ಪ್ರವಾಸಕ್ಕೆ ಧರ್ಮಸ್ಥಳದ ಕಡೆ ಹೋದವರು ಚಾರ್ಮಾಡಿ ಇಲ್ಲವೇ ಶಿರಾಡಿ ಘಾಟಿಯಲ್ಲಿ ಇಳಿದಿರುತ್ತೀರಿ. ಇಳಿಜಾರಿನುದ್ದಕ್ಕೂ ಎಂಜಿನ್ 'ಗೊಂಯ್' ಎಂದು ಸದ್ದು ಮಾಡುತ್ತಿರುತ್ತದೆ. ಅನುಭವಿ ಚಾಲಕ ಅಲ್ಲಿ ಸಣ್ಣ ಗೇರಿನಲ್ಲೇ ಬಸ್ಸು ಇಳಿಸುತ್ತಾರೆ. ಏಕೆ? 10,000 ಕಿಲೋಗ್ರಾಂ ರಾಶಿಯ ಬಸ್ಸು 500 ಮೀಟರ್ ಎತ್ತರದಿಂದ ಕೆಳಗಿಳಿದರೆ ಸುಮಾರು 5 ಕೋಟಿ ಜೌಲ್ ಶಕ್ತಿ ಬಿಡುಗಡೆಯಾಗುತ್ತದೆ. ಅದು 170 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ಕಾಯಿಸುವಷ್ಟು ಉಷ್ಣ. ಅದೆಲ್ಲವನ್ನೂ ಬ್ರೇಕಿಗೇ ಹೊರಿಸಿದರೆ ಬ್ರೇಕು ತಾಳುವುದಿಲ್ಲ. ಸಣ್ಣ ಗೇರಿನಲ್ಲಿ ಎಂಜಿನ್ನೇ ಬಸ್ಸನ್ನು ಹಿಡಿದಿಡುತ್ತದೆ.

ಅತಿಯಾಗಿ ಬಿಸಿಯಾದಾಗ ಎರಡು ತೊಂದರೆಗಳು ಬರುತ್ತವೆ. ಒಂದು, ಪ್ಯಾಡಿನ ಹಿಡಿತ ಕಡಿಮೆಯಾಗುತ್ತದೆ. ಎಷ್ಟು ತುಳಿದರೂ ವಾಹನ ಜಾರಿಕೊಂಡು ಹೋಗುತ್ತದೆ. ಎರಡು, ಬ್ರೇಕ್ ಆಯಿಲ್ ಕುದಿಯುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆದರೆ ಆವಿಯ ಗುಳ್ಳೆಗಳನ್ನು ಸುಲಭವಾಗಿ ಕುಗ್ಗಿಸಬಹುದು. ಗುಳ್ಳೆ ಬಂದರೆ ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತದೆ, ಒತ್ತಡ ಪ್ಯಾಡನ್ನು ತಲುಪುವುದೇ ಇಲ್ಲ. ಈ ಆಯಿಲ್ ಗಾಳಿಯಲ್ಲಿರುವ ತೇವವನ್ನೂ ಹೀರಿಕೊಳ್ಳುತ್ತದೆ. 'ಡಾಟ್ 3' ಎಂಬ ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಈ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಹಳೆಯ ಆಯಿಲ್ ಬದಲಿಸದೆ ದುಬಾರಿ ಡಿಸ್ಕು ಹಾಕಿಸುವುದು ಒಡೆದ ಕಾಲುವೆಯನ್ನು ಹಾಗೇ ಬಿಟ್ಟು ಹೊಸ ಪಂಪು ಕೂಡಿಸಿದಂತೆ.

ಪ್ಯಾಡಿನ ಕಥೆ

ಇಂಗ್ಲೆಂಡಿನಲ್ಲಿ ಹರ್ಬರ್ಟ್ ಫ್ರೂಡ್ ಎಂಬಾತ ಇದ್ದ. ಗುಡ್ಡ ಇಳಿಯುವ ಕುದುರೆಗಾಡಿಗಳ ಬ್ರೇಕಿಗೆ ಜನರು ಹಳೆಯ ಬೂಟುಗಳನ್ನು ಕಟ್ಟಿಕೊಳ್ಳುವುದನ್ನು ಆತ ನೋಡಿದನಂತೆ. ಕಟ್ಟಿಗೆಗಿಂತ ಅದೇ ಚೆನ್ನಾಗಿ ಹಿಡಿಯುತ್ತಿತ್ತು. ಇದರಿಂದ ಯೋಚನೆ ಹೊಳೆದು 1897ರಲ್ಲಿ ಬ್ರೇಕಿನ ವಸ್ತುಗಳನ್ನು ತಯಾರಿಸುವ ಉದ್ಯಮವನ್ನೇ ಆರಂಭಿಸಿದ. ಉಜ್ಜುವ ವಸ್ತು ಯಾವುದು ಎಂಬುದು ಅಷ್ಟು ಮುಖ್ಯ.

ಇಂದಿನ ಪ್ಯಾಡುಗಳಲ್ಲಿ ನಾರು, ಲೋಹದ ಚೂರು, ಗ್ರಾಫೈಟ್ ಮುಂತಾದ ಹಲವು ವಸ್ತುಗಳನ್ನು ರಾಳದಿಂದ ಅಂಟಿಸಿರುತ್ತಾರೆ. ಮೊದಲು ಆಸ್ಬೆಸ್ಟಾಸ್ ಎಂಬ ಖನಿಜದ ನಾರನ್ನು ಹೆಚ್ಚಾಗಿ ಬಳಸುತ್ತಿದ್ದರು. ಅದರ ದೂಳು ಶ್ವಾಸಕೋಶಕ್ಕೆ ಬಹಳ ಅಪಾಯಕಾರಿ. ಯಾವ ಬ್ರೇಕಿನ ದೂಳನ್ನೂ ಬಾಯಿಂದ ಊದಬಾರದು. ಗ್ಯಾರೇಜಿನಲ್ಲಿ ಕೆಲಸ ಮಾಡುವ ಅಣ್ಣಂದಿರಿಗೆ ಈ ಮಾತನ್ನು ತಿಳಿಸಿ.

ರೇಸಿನ ಪ್ಯಾಡುಗಳದು ಒಂದು ವಿಚಿತ್ರ ಗುಣ. ಅವು ಬಿಸಿಯಾದಾಗ ಚೆನ್ನಾಗಿ ಹಿಡಿಯುತ್ತವೆ, ತಣ್ಣಗಿದ್ದಾಗ ಹಿಡಿತ ಕಡಿಮೆ. ಅಂಥ ಪ್ಯಾಡು ಹಾಕಿದ ಕಾರನ್ನು ಬೆಳಿಗ್ಗೆ ಗಂಗಾವತಿ ಪೇಟೆಯಲ್ಲಿ ಓಡಿಸಿದರೆ, ಮೊದಲ ಸಲ ಬ್ರೇಕ್ ಒತ್ತಿದಾಗ ಅದು ಸಾಮಾನ್ಯ ಪ್ಯಾಡಿನಷ್ಟೂ ಹಿಡಿಯದಿರಬಹುದು! ಹೆಚ್ಚು ಬೆಲೆಯ ವಸ್ತು ಎಲ್ಲ ಕೆಲಸಕ್ಕೂ ಒಳ್ಳೆಯದಲ್ಲ. ಯಾವ ಕೆಲಸಕ್ಕೆ ಎಂಬುದನ್ನು ಕೇಳಿಕೊಳ್ಳಬೇಕು.

ನಿಮಗೆ ಗೊತ್ತೇ?

• ಡಿಸ್ಕ್ ಬ್ರೇಕಿಗೆ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಪೇಟೆಂಟ್ ಪಡೆದ. 1953ರಲ್ಲಿ ಫ್ರಾನ್ಸಿನ ಲ ಮಾನ್ ಎಂಬಲ್ಲಿ ನಡೆದ 24 ಗಂಟೆಗಳ ರೇಸಿನಲ್ಲಿ ಡಿಸ್ಕ್ ಬ್ರೇಕ್ ಹೊಂದಿದ್ದ ಜಾಗ್ವಾರ್ ಕಾರು ಗೆದ್ದಿತು. ಆಮೇಲೆ ಡಿಸ್ಕ್ ಬ್ರೇಕಿನತ್ತ ಎಲ್ಲರ ಗಮನ ಹರಿಯಿತು.

• ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗುವ ತೇಜಸ್ ಯುದ್ಧವಿಮಾನಕ್ಕೆ ಕಬ್ಬಿಣದ ಡಿಸ್ಕು ಇಲ್ಲ. ಇಂಗಾಲದ ನಾರು ಮತ್ತು ಇಂಗಾಲ ಸೇರಿಸಿ ಮಾಡಿದ ಹಗುರವಾದ ಡಿಸ್ಕುಗಳನ್ನು ಅದಕ್ಕಾಗಿ ಡಿಆರ್‌ಡಿಒದ ಹೈದರಾಬಾದ್ ಪ್ರಯೋಗಾಲಯ ಅಭಿವೃದ್ಧಿಪಡಿಸಿದೆ.

ಕೊನೆಯ ಹಿಡಿತ ಟೈರಿನದು

ಈಗ ಮೊದಲ ಪ್ರಶ್ನೆಗೆ ಬರೋಣ. ದೊಡ್ಡ ಡಿಸ್ಕು ಹಾಕಿದರೆ ಕಾರು ಬೇಗ ನಿಲ್ಲುತ್ತದೆಯೇ?

ಡಿಸ್ಕು ಚಕ್ರವನ್ನು ಹಿಡಿಯುತ್ತದೆ. ಕಾರನ್ನು ಹಿಡಿಯಬೇಕಾದದ್ದು ರಸ್ತೆ. ಟೈರಿಗೂ ರಸ್ತೆಗೂ ನಡುವಿನ ಘರ್ಷಣೆಯೇ ಕಾರನ್ನು ನಿಲ್ಲಿಸುತ್ತದೆ. ಒಳ್ಳೆಯ ಸ್ಥಿತಿಯಲ್ಲಿರುವ ಸಾಮಾನ್ಯ ಬ್ರೇಕು ಕೂಡ ಜೋರಾಗಿ ಒತ್ತಿದರೆ ಚಕ್ರ ತಿರುಗದಂತೆ ಹಿಡಿಯಬಲ್ಲದು. ಆಮೇಲೆ ಟೈರು ಜಾರುತ್ತದೆ. ಡಿಸ್ಕು ಎಷ್ಟೇ ದೊಡ್ಡದಿದ್ದರೂ ಜಾರುವ ಟೈರಿಗೆ ಏನೂ ಮಾಡಲಾರದು. ಚಕ್ರ ಪೂರ್ತಿ ಸಿಕ್ಕಿಕೊಳ್ಳದಂತೆ ಬ್ರೇಕನ್ನು ಕ್ಷಣ ಕ್ಷಣಕ್ಕೂ ಸಡಿಲಿಸಿ ಹಿಡಿಯುವ ಎಬಿಎಸ್ ಎಂಬ ಸಾಧನವನ್ನು ಇಂದಿನ ಕಾರುಗಳಲ್ಲಿ ಅಳವಡಿಸಿರುತ್ತಾರೆ. ಅದು ಕಾರನ್ನು ಹತೋಟಿಯಲ್ಲಿಡುತ್ತದೆ. ಆದರೆ ರಸ್ತೆಯಲ್ಲಿ ಇಲ್ಲದ ಘರ್ಷಣೆಯನ್ನು ಅದೂ ಹುಟ್ಟಿಸಲಾರದು.

ಇದಕ್ಕೆ ಒಂದು ಒಳ್ಳೆಯ ಸಾಕ್ಷಿ ರ‍್ಯಾಲಿ ಕಾರುಗಳಲ್ಲಿದೆ. ವಿಶ್ವ ರ‍್ಯಾಲಿಯಲ್ಲಿ ಓಡಿದ ಹ್ಯುಂಡೈ ಐ20 ಕಾರಿಗೆ ಡಾಂಬರು ರಸ್ತೆಯ ಸ್ಪರ್ಧೆಯಲ್ಲಿ 370 ಮಿಲಿಮೀಟರ್ ವ್ಯಾಸದ ಡಿಸ್ಕು ಹಾಕುತ್ತಿದ್ದರು, ಮಣ್ಣಿನ ರಸ್ತೆಯ ಸ್ಪರ್ಧೆಯಲ್ಲಿ 300 ಮಿಲಿಮೀಟರಿನದು. ಮಣ್ಣಿನಲ್ಲಿ ಟೈರಿನ ಹಿಡಿತವೇ ಕಡಿಮೆ. ಅಲ್ಲಿ ದೊಡ್ಡ ಡಿಸ್ಕಿಗೆ ಕೆಲಸವಿಲ್ಲ.

ಆದ್ದರಿಂದ ಉತ್ತರ ಹೀಗೆ: ದೊಡ್ಡ ಡಿಸ್ಕು, ಒಳ್ಳೆಯ ಪ್ಯಾಡು ಹಾಕಿದರೆ ಹತ್ತನೆಯ ಸಲವೂ ಬ್ರೇಕು ಮೊದಲ ಸಲದಂತೆಯೇ ಹಿಡಿಯುತ್ತದೆ. ಆದರೆ ಮೊದಲ ಸಲ ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸುವುದು ಮುಖ್ಯವಾಗಿ ವೇಗ, ಟೈರು ಮತ್ತು ರಸ್ತೆ.

ಆ ದೂರ ಎಷ್ಟು? ಚಾಲಕ ಅಪಾಯವನ್ನು ನೋಡಿ ಕಾಲನ್ನು ಬ್ರೇಕಿನ ಮೇಲೆ ಇಡಲು ಒಂದು ಸೆಕೆಂಡು ಬೇಕು ಎಂದುಕೊಳ್ಳೋಣ. ಆ ಒಂದು ಸೆಕೆಂಡಿನಲ್ಲಿ ಕಾರು ಪೂರ್ತಿ ವೇಗದಲ್ಲೇ ಓಡುತ್ತಿರುತ್ತದೆ. ಒಣ ರಸ್ತೆಯ ಘರ್ಷಣಾಂಕ 0.7, ಒದ್ದೆ ರಸ್ತೆಯದು 0.4 ಎಂದು ಹಿಡಿದರೆ ಒಟ್ಟು ದೂರ:

ಗಂಟೆಗೆ 36 ಕಿ.ಮೀ. – ಒಣ ರಸ್ತೆ 17 ಮೀಟರ್, ಒದ್ದೆ ರಸ್ತೆ 23 ಮೀಟರ್
ಗಂಟೆಗೆ 72 ಕಿ.ಮೀ. – ಒಣ ರಸ್ತೆ 49 ಮೀಟರ್, ಒದ್ದೆ ರಸ್ತೆ 70 ಮೀಟರ್
ಗಂಟೆಗೆ 108 ಕಿ.ಮೀ. – ಒಣ ರಸ್ತೆ 94 ಮೀಟರ್, ಒದ್ದೆ ರಸ್ತೆ 143 ಮೀಟರ್

ನಮ್ಮ ರಸ್ತೆಗಳು ಇದಕ್ಕಿಂತಲೂ ಜಾರುವ ಸಂದರ್ಭಗಳಿವೆ. ಸುಗ್ಗಿಯಲ್ಲಿ ಗಂಗಾವತಿ ಕಡೆ ರಸ್ತೆಯ ಮೇಲೆ ಭತ್ತ ಒಣಹಾಕಿರುತ್ತಾರೆ. ಕಾಳುಗಳು ಟೈರಿನ ಕೆಳಗೆ ಸಣ್ಣ ಗುಂಡುಗಳಂತೆ ಉರುಳುತ್ತವೆ. ಮಳೆಗಾಲದಲ್ಲಿ ಯಲಬುರ್ಗಾದ ಎರೆಹೊಲಗಳಿಂದ ಟ್ರ್ಯಾಕ್ಟರಿನ ಚಕ್ರಕ್ಕೆ ಮೆತ್ತಿಕೊಂಡು ಬಂದ ಮಣ್ಣು ಡಾಂಬರಿನ ಮೇಲೆ ಬಿದ್ದು ಸಾಬೂನಿನಂತಾಗುತ್ತದೆ. ಅನೇಕ ಟ್ರೈಲರುಗಳಿಗೆ ಸ್ವಂತ ಬ್ರೇಕೇ ಇರುವುದಿಲ್ಲ. ಚೀಲ ಹೇರಿದ ಟ್ರೈಲರಿನ ಭಾರವನ್ನೂ ಟ್ರ್ಯಾಕ್ಟರಿನ ಬ್ರೇಕೇ ಹಿಡಿಯಬೇಕು. "ಕೈ ಅಡ್ಡ ಮಾಡಿದರೆ ನಿಲ್ಲಿಸುತ್ತಾರೆ" ಎಂದು ನಂಬಿ ರಸ್ತೆಗೆ ಇಳಿಯಬೇಡಿ. ಚಾಲಕನಿಗೆ ನಿಲ್ಲಿಸುವ ಮನಸ್ಸಿರಬಹುದು. ಭೌತ ನಿಯಮ ಬಿಡಬೇಕಲ್ಲ!

ಮಾಡಿ ನೋಡಿ – 3: ದೂರವನ್ನು ಕಣ್ಣಾರೆ ಕಾಣಿ

ಶಾಲೆಯ ಮೈದಾನದಲ್ಲಿ ಹಗ್ಗದಿಂದ 17 ಮೀಟರ್ ಅಳೆದು ಒಬ್ಬರು ನಿಲ್ಲಿ. 49 ಮೀಟರಿಗೆ ಇನ್ನೊಬ್ಬರು, ಜಾಗವಿದ್ದರೆ 94 ಮೀಟರಿಗೆ ಮತ್ತೊಬ್ಬರು ನಿಲ್ಲಲಿ. ಆರಂಭದ ಗೆರೆಯಿಂದ ಅವರನ್ನು ನೋಡಿ. 94 ಮೀಟರ್ ದೂರದಲ್ಲಿರುವ ಗೆಳೆಯನ ಮುಖ ಗುರುತು ಸಿಗುತ್ತದೆಯೇ? ವೇಗವಾಗಿ ಬರುವ ಕಾರು ಅಷ್ಟು ದೂರದಲ್ಲಿದ್ದರೂ ಅದು ನಿಮಗೆ ಹತ್ತಿರವೇ ಇದೆ ಎಂದು ತಿಳಿಯಿರಿ. ಈ ಚಟುವಟಿಕೆಯನ್ನು ಮೈದಾನದಲ್ಲಿ ಮಾತ್ರ ಮಾಡಿ, ರಸ್ತೆಯಲ್ಲಿ ಬೇಡ.

ನಿಮ್ಮ ಸೈಕಲ್ ಪರೀಕ್ಷಿಸಿ

1. ಬ್ರೇಕ್ ರಬ್ಬರು ಸವೆದು ಅದರ ಗೀರುಗಳು ಅಳಿಸಿಹೋಗಿದ್ದರೆ ಬದಲಿಸಿ.
2. ರಬ್ಬರು ರಿಮ್ಮಿಗೆ ತಾಗಬೇಕು, ಟೈರಿಗೆ ತಾಗಬಾರದು.
3. ರಿಮ್ಮಿನ ಮೇಲೆ ಎಣ್ಣೆ, ಗ್ರೀಸ್ ಇದ್ದರೆ ಒರೆಸಿ.
4. ಮಳೆಯಲ್ಲಿ ಮೊದಲೇ ನಿಧಾನ ಮಾಡಿ. ಒದ್ದೆ ರಿಮ್ಮಿನ ಮೇಲೆ ರಬ್ಬರಿನ ಹಿಡಿತ ಕಡಿಮೆ.
5. ಎರಡೂ ಬ್ರೇಕುಗಳನ್ನು ಒಟ್ಟಿಗೆ ಒತ್ತಿ. ಮುಂದಿನದನ್ನು ಮಾತ್ರ ಥಟ್ಟನೆ ಒತ್ತಿದರೆ ಮುಗ್ಗರಿಸಬಹುದು.

ಯೋಚಿಸಿ, ಉತ್ತರಿಸಿ

1. ಗಂಟೆಗೆ 20 ಕಿ.ಮೀ. ವೇಗದ ಸೈಕಲ್ಲಿಗಿಂತ 40 ಕಿ.ಮೀ. ವೇಗದಲ್ಲಿರುವ ಅದೇ ಸೈಕಲ್ಲಿನ ಚಲನ ಶಕ್ತಿ ಎಷ್ಟು ಪಟ್ಟು ಹೆಚ್ಚು?
2. ಡಿಸ್ಕಿನ ನಡುವೆ ಸಂದು ಬಿಟ್ಟಿರುವುದೇಕೆ?
3. ಘಾಟಿ ಇಳಿಯುವಾಗ ಚಾಲಕರು ಸಣ್ಣ ಗೇರು ಬಳಸುವುದೇಕೆ?
4. ಒಬ್ಬರು ದುಬಾರಿ ಡಿಸ್ಕು ಹಾಕಿಸಿದರು, ಸವೆದ ಟೈರನ್ನು ಬದಲಿಸಲಿಲ್ಲ. ಅವರಿಗೆ ನೀವು ಏನು ಹೇಳುವಿರಿ?
5. ರಸ್ತೆಯಲ್ಲಿ ಭತ್ತ ಒಣಹಾಕದೆ ಬೇರೆ ಎಲ್ಲಿ ಹಾಕಬಹುದು? ಮನೆಯಲ್ಲಿ ಹಿರಿಯರೊಂದಿಗೆ ಚರ್ಚಿಸಿ ಬನ್ನಿ.